ರಾತ್ರಿ ಬಸ್ಸಿನ ಪರವಾಗಿ ನಾನು ಆಡಿದ ಮಾತು

ಭಾಷಣದ ವಿಷಯದಲ್ಲಿ ನನಗೆ ಎಂದೂ ಅಳುಕಿಲ್ಲ. ದೋಹಾದ ನಮ್ಮ ಕನ್ನಡ ಸಂಘದಲ್ಲಿ ಮೈಕು ಕೆಟ್ಟರೂ ಕಾರ್ಯಕ್ರಮ ನಿಲ್ಲದಿರುವುದು ನನ್ನ ಕಂಠದಿಂದಲೇ ಎಂದು ನಂಬಿದ್ದೇನೆ. ಹಾಗಾಗಿ ನಜ್ಮಾ ಬಡಾವಣೆಯ ದರ್ಜಿ ಶೀನಣ್ಣ ನನ್ನ ಪ್ಯಾಂಟಿನ ಸೊಂಟ ಸಡಿಲಿಸುತ್ತಾ ತನ್ನ ಅಹವಾಲು ಹೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

ಆತ ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆ. ಅಗ್ಗದ ವಿಮಾನ ಇಳಿಯುವುದು ಅಪರಾತ್ರಿಯಲ್ಲಿ. ಅಲ್ಲಿಂದ ಊರಿಗೆ ಹೋಗುವ ಬಸ್ಸಿಗೆ ಆ ಹೊತ್ತಿನಲ್ಲಿ ಹಗಲಿಗಿಂತ ಒಂದೂವರೆ ಪಟ್ಟು ದರ.

"ಸೀಟು ಅದೇ, ರಸ್ತೆ ಅದೇ, ಹೊಂಡ ಸಹ ಅದೇ ಮಾರಾಯ್ರೆ! ರಾತ್ರಿಗೆ ಜಾಸ್ತಿ ಎಂತಕ್ಕೆ? ಬರುವ ಶುಕ್ರವಾರ ನಮ್ಮ ಶಾಸಕರು ಸಂಘಕ್ಕೆ ಬರ್ತಾರಂತೆ. ಬಸ್ಸಿನದ್ದೆಲ್ಲ ಅವರ ಕೈಯಲ್ಲೇ ಉಂಟಂತೆ. ನೀವೊಮ್ಮೆ ಕೇಳ್ಬೇಕು. ನನಗೆ ಸ್ಟೇಜು ನೋಡಿದ್ರೆ ನಾಲಿಗೆ ತಡವರಿಸ್ತದೆ."

"ಖಲಾಸ್, ಕೆಲಸ ಆಯ್ತು ಅಂತ್ಲೇ ತಿಳ್ಕೊಳ್ಳಿ ಶೀನಣ್ಣ! ಉತ್ತರ ಕೊಡದೆ ಅವರು ವೇದಿಕೆ ಇಳಿಯೋ ಹಾಗಿಲ್ಲ."

ಬಿನ್ ಒಮ್ರಾನ್ ಬಡಾವಣೆಯ ನಮ್ಮ ಮನೆಯಲ್ಲಿ ಆ ವಾರವೆಲ್ಲ ಕನ್ನಡಿಯ ಮುಂದೆ ತಾಲೀಮು ನಡೆಯಿತು. ಹೆಂಡತಿ ಸುಧಾ ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದಳು.

"ರೀ, ಬಸ್ ಚಾರ್ಜ್ ಯಾಕೆ ಜಾಸ್ತಿ ಅಂತ ಕೇಳೋಕೆ ನಾಲ್ಕು ಪುಟ ಬೇಕಾ?"

"ಪ್ರಜಾಪ್ರಭುತ್ವದಲ್ಲಿ ಪ್ರಶ್ನೆಗೂ ಒಂದು ಪೀಠಿಕೆ ಇರ್ಬೇಕು ಕಣೇ."

"ಪ್ರಶ್ನೆ ಎಷ್ಟನೇ ಪುಟದಲ್ಲಿದೆ?"

"ನಾಲ್ಕನೇದರಲ್ಲಿ."

ಆಕೆ ದೋಸೆ ತಿರುವಿ ಹಾಕಲು ಹೋದಳು.

ಶುಕ್ರವಾರ ಬಂತು. ಪ್ರಶ್ನೆಗೆ ತಲಾ ಎರಡು ನಿಮಿಷ ಎಂದು ಕಾರ್ಯದರ್ಶಿಗಳು ಗಂಟೆ ಹಿಡಿದು ಕುಳಿತರು. ಆದರೆ ನಮ್ಮ ಸಂಘದಲ್ಲಿ ವೇದಿಕೆಯ ಮೇಲಿರುವ ಪ್ರತಿಯೊಬ್ಬರನ್ನೂ ಸಂಬೋಧಿಸದೆ ಬಾಯಿ ತೆರೆಯುವಂತಿಲ್ಲ. ಹಿಂದೊಮ್ಮೆ ಯಾರೋ ಖಜಾಂಚಿಯವರ ಹೆಸರು ಮರೆತಿದ್ದಕ್ಕೆ ಅವರು ಮೂರು ತಿಂಗಳು ಸಂಘದ ಕಡೆ ತಲೆ ಹಾಕಿರಲಿಲ್ಲ. ಅಂದು ವೇದಿಕೆಯ ಮೇಲೆ ಹನ್ನೊಂದು ಜನ!

ಅಧ್ಯಕ್ಷರಿಂದ ಆರಂಭಿಸಿದೆ. ಎರಡನೆಯವರೇ ಮುಖ್ಯ ಅತಿಥಿಗಳು. "ಪ್ರಯಾಣಿಕರ ಹಿತಕ್ಕಾಗಿ ಹಗಲಿರುಳೆನ್ನದೆ ದುಡಿಯುತ್ತಿರುವ, ಬಡವರ ಬಂಧು, ಸನ್ಮಾನ್ಯ ಶಾಸಕರೇ!" ಎಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ನನ್ನನ್ನು ಹಿಡಿಯುವವರುಂಟೇ? ಹಾಳೆಯಲ್ಲಿಲ್ಲದ ಇನ್ನೂ ಎರಡು ವಿಶೇಷಣಗಳನ್ನು ಸೇರಿಸಿದೆ. ಒಂಬತ್ತನೆಯವರನ್ನು ತಲುಪುವಷ್ಟರಲ್ಲಿ ಗಂಟೆ ಮೊಳಗಿತು.

"ಪ್ರಶ್ನೆ ಇನ್ನೂ..." ಎಂದೆ.

"ಟೈಮ್ ಆಯ್ತು ಸಾರ್. ಯಲ್ಲಾ ಯಲ್ಲಾ, ಬೇಗ ಬನ್ನಿ ಮುಂದಿನವರು," ಎಂದರು ಕಾರ್ಯದರ್ಶಿಗಳು.

ಆಗ ಹಿಂದಿನ ಸಾಲಿನಿಂದ ಶೀನಣ್ಣ ಎದ್ದು ನಿಂತ.

"ಸ್ವಾಮೀ, ರಾತ್ರಿ ಬಸ್ಸಿಗೆ ಒಂದೂವರೆ ಪಟ್ಟು ಯಾಕೆ?"

ಅಷ್ಟೇ. ನಾಲಿಗೆ ಎಲ್ಲೂ ತಡವರಿಸಲಿಲ್ಲ. ಶಾಸಕರು ನೀರು ಕುಡಿದರು, ಸಿಕ್ಕಿಬಿದ್ದರು ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ನನ್ನ ಮೇಲೆ ಬಿತ್ತು.

"ಒಳ್ಳೆ ಪ್ರಶ್ನೆ. ಆದ್ರೆ ಪ್ರಯಾಣಿಕರಿಗಾಗಿ ಹಗಲಿರುಳು ದುಡೀತಿದ್ದೇನೆ ಅಂತ ನಾನಾಗಿ ಹೇಳಿಕೊಂಡಿದ್ದಲ್ಲ. ನಿಮ್ಮವರೇ, ತಿಳಿದವರು, ಈಗಷ್ಟೇ ಹೇಳಿದ್ರು. ನಾವು ಸುಮ್ಮನೆ ಕೂತಿಲ್ಲ ಅಂತಾಯ್ತಲ್ಲ. ಅಲ್ವಾ ಸಾರ್?"

ಇಡೀ ಸಭೆ ನನ್ನತ್ತ ತಿರುಗಿತು. "ಅಲ್ಲ" ಎನ್ನಲು ಅದಕ್ಕಿಂತ ಒಳ್ಳೆಯ ಅವಕಾಶ ಯಾರಿಗೆ ಸಿಕ್ಕೀತು? ನಾನು ಎದ್ದು ನಿಂತು, ಕೈಮುಗಿದು, ಹೌದೆಂದು ತಲೆಯಾಡಿಸಿದೆ! ಮತ್ತೆ ಚಪ್ಪಾಳೆ. ಶೀನಣ್ಣ ಕುಳಿತುಕೊಂಡ.

ಮರುದಿನ ಪ್ಯಾಂಟು ತರಲು ಹೋದಾಗ ಆತ ತಲೆಯೆತ್ತದೆ ಹೊಲಿಯುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಶೀನಣ್ಣ."

"ಬೇಜಾರು ಎಂತದ್ದು? ರಾತ್ರಿಯಿಡೀ ನಿಲ್ದಾಣದಲ್ಲಿ ಕೂರ್ಲಿಕ್ಕೆ ನನ್ನ ಬೆನ್ನು ಕೇಳುವುದಿಲ್ಲ, ಟಿಕೆಟ್ ಬದಲಿಸಿದೆ. ಬೆಳಿಗ್ಗೆ ಇಳಿಯುವ ವಿಮಾನ ಇರುವುದು ಮರುದಿನಕ್ಕೆ. ರಜೆಯಲ್ಲಿ ಒಂದು ದಿನ ಹೋಯ್ತು, ಹೋಗ್ಲಿ. ಆ ಒಂದೂವರೆ ಮಾತ್ರ ನಾನು ಕೊಡುವುದಿಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಎರಡು ವರ್ಷ ಕಾದು ಪಡೆದ ರಜೆಯ ಒಂದು ದಿನ ನನ್ನ ವಿಶೇಷಣಗಳಿಗೆ ಬಲಿಯಾಗಿತ್ತು.

"ಟಿಕೆಟ್ಟೇ ಬದಲಿಸ್ಬೇಕಿತ್ತಾ?" ಎಂದೆ ಮೆಲ್ಲಗೆ.

"ಮತ್ತೆಂತ ಮಾಡುವುದು ಸಾರ್? ಶಾಸಕರನ್ನು ಬದಲಿಸ್ಲಿಕ್ಕೆ ಚುನಾವಣೆ ಬರ್ಬೇಕು. ನಿಮ್ಮನ್ನು ಬದಲಿಸ್ಲಿಕ್ಕೆ ಅದೂ ಇಲ್ಲ."

ಪ್ಯಾಂಟು ಎತ್ತಿಕೊಂಡು ಬಂದೆ.