ಮಹಾರಾಣಿಯ ಹದಿನಾಲ್ಕು ನಿಯಮಗಳು

ಹೋದ ವರ್ಷದ ಸ್ಪರ್ಧೆಯಲ್ಲಿ ಒಬ್ಬಳ ವಿಗ್ಗನ್ನು ಇನ್ನೊಬ್ಬಳು ಕಿತ್ತೆಸೆಯದೇ ಇದ್ದಿದ್ದರೆ ಈ ನಿಯಮಗಳ ಗೋಜೇ ಇರುತ್ತಿರಲಿಲ್ಲ.

ಅದು ಡ್ರ್ಯಾಗ್ ರಾಣಿಯರ ಸ್ಪರ್ಧೆ. ಪ್ಯಾಂಟು ಷರಟಿನಲ್ಲಿ ದುಡಿಯುವ ಗಂಡಸರು ವರ್ಷಕ್ಕೊಮ್ಮೆ ಗೌನು ತೊಟ್ಟು, ಕಣ್ಣಿಗೆ ರೆಪ್ಪೆ ಅಂಟಿಸಿಕೊಂಡು ಕಿರೀಟಕ್ಕಾಗಿ ಸೆಣಸುತ್ತಾರೆ. ಐದು ವರ್ಷದಿಂದ ಅದರ ನಿರೂಪಣೆ ಅಂಚೆ ಕಚೇರಿಯ ಗುಮಾಸ್ತನದು. ಕಚೇರಿಯಲ್ಲಿ ಅವನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ, ಇಲ್ಲಿ ಅವನು ಮಹಾರಾಣಿ. ಆ ಮೈಕೆಂದರೆ ಪಾಪ, ಪಂಚಪ್ರಾಣ. ಆದರೆ ವಿಗ್ಗಿನ ರಾದ್ಧಾಂತವಾದ ಮೇಲೆ ಸಂಘದ ಹಿರಿಯಳಾದ ದೊಡ್ಡಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ಈ ಸಲ ಒಂದೇ ಒಂದು ಎಡವಟ್ಟಾದ್ರೂ ಮೈಕು ಮಿಂಚುಳ್ಳಿ ಕೈಗೆ ಹೋಗತ್ತೆ, ನೋಡ್ಕೋ!"

ಮಿಂಚುಳ್ಳಿ ಎಂದರೆ ಕಟಿಂಗ್ ಶಾಪಿನವನು. ಆ ಮೈಕಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

ಗುಮಾಸ್ತ ವಾರವಿಡೀ ಕೂತು ಹದಿನಾಲ್ಕು ನಿಯಮ ಬರೆದ. ಇನ್ನೊಬ್ಬರ ವಿಗ್ಗು, ಬಟ್ಟೆ ಮುಟ್ಟಬಾರದು. ಇನ್ನೊಬ್ಬರ ಮೈ, ಉಡುಪಿನ ಬಗ್ಗೆ ತುಟಿ ಪಿಟಕ್ಕೆನ್ನಬಾರದು. ಯಾರಿಗೆ ಏನೇ ಆದರೂ ನಗಬಾರದು. ವೇಷ ಹಾಕಿದ ಮೇಲೆ ಎಲ್ಲರನ್ನೂ 'ಅವಳು' ಎಂದೇ ಕರೆಯಬೇಕು. ಇದೊಂದನ್ನು ನಾವೂ ಪಾಲಿಸೋಣ. ಹೀಗೆ ಬರೆದದ್ದನ್ನು ಅಲಂಕಾರದ ಕೋಣೆಯ ಗೋಡೆಗೆ ಅಂಟಿಸಿ, ಎಲ್ಲರ ಸಹಿ ಹಾಕಿಸಿಕೊಂಡ.

ಸ್ಪರ್ಧೆಯ ದಿನ ಮಧ್ಯಾಹ್ನ ಮೂರಕ್ಕೆ ಪರದೆ ಏಳಬೇಕು. ಮಹಾರಾಣಿ ಉಸಿರು ಬಿಗಿಹಿಡಿದು ಕೆಂಪು ಗೌನಿನೊಳಗೆ ತೂರಿಕೊಂಡಳು. ಬೆನ್ನಿನ ಜಿಪ್ಪು ಹೇಗೋ ಮೇಲೇರಿತು. ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದಳು ನೋಡಿ, ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೂ ಅದು ಬಿರಿದುಕೊಂಡಿತು. ಒಳಗಿದ್ದದ್ದು ಪಟಾಪಟಿ ಚಡ್ಡಿ. ಹಾಡಿನ ಗದ್ದಲದಲ್ಲಿ ಅವಳಿಗೆ ಬಿರಿದ ಸದ್ದು ಕೇಳಿಸಲಿಲ್ಲ.

"ಅಬ್ಬಾ! ಗೌನು ಈಗ ಮೈಗೆ ಹೊಂದಿಕೊಳ್ತು" ಎಂದು ನಿಟ್ಟುಸಿರು ಬಿಟ್ಟಳು.

ಪಕ್ಕದಲ್ಲಿ ರೆಪ್ಪೆ ಅಂಟಿಸಿಕೊಳ್ಳುತ್ತಿದ್ದ ಸ್ಪರ್ಧಿ, ಬೇಕರಿಯವಳು, ಬಾಯಿಗೆ ಕೈ ಇಟ್ಟುಕೊಂಡಳು. "ಅಕ್ಕಾ, ನಿನ್ನ ಹಿಂದೆ..."

"ಏಯ್, ಎರಡನೇ ನಿಯಮ!"

"ಅಲ್ಲಕ್ಕಾ, ನಿನ್ನ ಬಟ್ಟೆ..."

"ಇನ್ನೊಂದು ಮಾತಾಡಿದ್ರೆ ಸ್ಪರ್ಧೆಯಿಂದ್ಲೇ ಔಟ್!"

ಬೇಕರಿಯವಳು ಬಾಯಿಗೆ ಬೀಗ ಹಾಕಿಕೊಂಡಳು. ಮಿಂಚುಳ್ಳಿಯೂ ನೋಡಿದ್ದಳು. ಅವಳು ಗೋಡೆಯ ಹತ್ತಿರ ಹೋಗಿ ಹದಿನಾಲ್ಕೂ ನಿಯಮವನ್ನು ಒಂದೊಂದಾಗಿ ಓದಿ, ಕೈಕಟ್ಟಿ ಸುಮ್ಮನೆ ನಿಂತಳು.

ಪರದೆ ಎದ್ದಿತು. "ಶೌಚಾಲಯ ಬಲಗಡೆಗಿದೆ" ಎನ್ನುತ್ತಾ ಮಹಾರಾಣಿ ಅತ್ತ ತಿರುಗಿ ಕೈ ತೋರಿಸಿದಳು. ಸಭಾಂಗಣ ಗೊಳ್ಳೆಂದಿತು. ಶೌಚಾಲಯಕ್ಕೇ ಇಷ್ಟು ನಗುವ ಜನ ಅವಳಿಗೆ ಐದು ವರ್ಷದಲ್ಲಿ ಸಿಕ್ಕಿರಲಿಲ್ಲ. ಹುರುಪೇರಿ, ಇನ್ನೊಮ್ಮೆ ತಿರುಗಿ ಎಡಗಡೆಯ ಬಾಗಿಲನ್ನೂ ತೋರಿಸಿದಳು.

ಮೊದಲ ಸಾಲಿನಲ್ಲಿ ಕೂತಿದ್ದ ಅವಳ ಸೋದರತ್ತೆ ಕಣ್ಣರಳಿಸಿ, ಹಿಂದೆ ನೋಡು ಎಂದು ಬೆರಳು ತಿರುಗಿಸಿದರು. ಗಿರಕಿ ಹೊಡೆ ಎನ್ನುತ್ತಿದ್ದಾರೆಂದು ಮಹಾರಾಣಿ ಗಿರಕಿ ಹೊಡೆದಳು. ಅತ್ತೆ ಇನ್ನೂ ಜೋರಾಗಿ ಬೆರಳು ತಿರುಗಿಸಿದರು. ಅವಳು ಇನ್ನೆರಡು ಗಿರಕಿ ಹೊಡೆದಳು. ತೀರ್ಪುಗಾರರ ನಡುವೆ ದೊಡ್ಡಕ್ಕ ಹಣೆ ಚಚ್ಚಿಕೊಂಡಳು. ಪರದೆಯ ಪಕ್ಕದಲ್ಲಿ ಸ್ಪರ್ಧಿಗಳು ನಗು ತಡೆಯಲಾರದೆ ಕಾಡಿಗೆಯೆಲ್ಲ ಕೆನ್ನೆಗಿಳಿಸಿಕೊಂಡಿದ್ದರು. ಬೇಕರಿಯವಳಂತೂ ತನ್ನ ಕೈಗವಸನ್ನೇ ಕಚ್ಚಿ ಹಿಡಿದಿದ್ದಳು. ಮಿಂಚುಳ್ಳಿಯ ಮುಖ ಮಾತ್ರ ಕಲ್ಲು.

ಎರಡು ಗಂಟೆ ಹೀಗೇ ನಡೆಯಿತು. ಯಾರೂ ಜಗಳವಾಡಲಿಲ್ಲ, ಯಾರ ವಿಗ್ಗೂ ಹಾರಲಿಲ್ಲ. ಮೈಕು ಉಳಿಯಿತೆಂದು ಮಹಾರಾಣಿಯ ಎದೆ ಉಬ್ಬಿತು. ಕಿರೀಟ ಬೇಕರಿಯವಳ ತಲೆಯೇರಿದ ಮೇಲೆ ದೊಡ್ಡಕ್ಕ ಒಂದು ಚೀಟಿ ಕಳಿಸಿದಳು. ಹೊಸದೊಂದು ಬಹುಮಾನವಂತೆ. ಮಹಾರಾಣಿ ಕಂಠ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು.

"ಈ ವರ್ಷದ ಶಿಸ್ತಿನ ರಾಣಿ, ಮಿಂಚುಳ್ಳಿ! ನಿರೂಪಕಿಯ ಗೌನು ಹಿಂದಿನಿಂದ ಪೂರ್ತಿ ಬಿಚ್ಚಿಕೊಂಡು... ಎರಡು ಗಂಟೆ ಪಟಾಪಟಿ ಚಡ್ಡಿ... ಕಾಣುತ್ತಿದ್ದರೂ... ಮುಟ್ಟದೆ, ಆಡದೆ, ನಗದೆ ಹದಿನಾಲ್ಕೂ ನಿಯಮ ಪಾಲಿಸಿದ್ದಕ್ಕಾಗಿ... ಬಹುಮಾನ, ಮುಂದಿನ ವರ್ಷದಿಂದ ನಿರೂಪಣೆ."

ಮಹಾರಾಣಿಯ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು. ಅಲ್ಲಿ ಗೌನು ಸಿಗಲಿಲ್ಲ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮಿಂಚುಳ್ಳಿ ಬಂದು, ತಲೆಬಾಗಿ, ಎರಡೂ ಕೈಯಿಂದ ಮೈಕು ಇಸಿದುಕೊಂಡಳು.

"ಅಕ್ಕಾ, ಕಾರ್ಯಕ್ರಮ ಮುಗೀತಲ್ಲ. ಈಗ ಒಂದ್ಮಾತು ಹೇಳ್ಬಹುದಾ?"

"ಹೇಳು ಮಾರಾಯ್ತಿ. ಇನ್ನೇನು ಉಳಿದಿದೆ?"

ಮಿಂಚುಳ್ಳಿ ಮೈಕನ್ನು ಬಾಯಿಯ ಹತ್ತಿರ ತಂದಳು.

"ಚಡ್ಡಿ ಉಲ್ಟಾ ಹಾಕ್ಕೊಂಡಿದ್ದೀಯ."