ಕಾರಿಗೆ ಮರ್ಯಾದೆ ಕಲಿಸಿದ್ದು

ನಾನು ಕುಂದಗೋಳದಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ. ವೈರು, ಸ್ಪೀಕರ್ ಎಂದರೆ ನನಗೆ ಹೆದರಿಕೆಯಿಲ್ಲ. ಹೆದರಿಕೆಯೆಲ್ಲ ನನ್ನ ಹೆಂಡತಿ ಗಿರಿಜಾಳಿಗೆ!

ನನ್ನ ಕರೆಂಟಿನ ಕಾರಿಗೆ ಸದ್ದೇ ಇಲ್ಲ. ಹಿಂದಕ್ಕೆ ತೆಗೆದರೆ ಕಟ್ಟೆಯ ಮೇಲೆ ಕೂತವರು ಕಾಲು ಸಹ ಎತ್ತುತ್ತಿರಲಿಲ್ಲ. ಆದಕಾರಣ ಸಾರ್ವಜನಿಕ ಹಿತದೃಷ್ಟಿಯಿಂದ ರಿವರ್ಸ್ ಲೈಟಿನ ವೈರಿಗೆ ಒಂದು ಸ್ಪೀಕರ್ ಜೋಡಿಸಿ, ನನ್ನದೇ ದನಿ ತುಂಬಿದೆ: "ಹೋಗಿ ಬರ್ತೇವ್ರಿ! ಅಗದಿ ಖುಷಿ ಆತು! ಮತ್ತ ಮತ್ತ ಬರ್ತೇವ್ರಿ!" ನಮ್ಮ ಓಣಿಗಳಲ್ಲಿ ಯಾರ ಮನೆಯಿಂದ ಹೊರಟರೂ ಮೊದಲು ಹಿಂದಕ್ಕೇ ಬರಬೇಕಲ್ಲ. ಬರೀ ಪೀಂ ಪೀಂ ಎನ್ನಲು ನಮಗೇನು ಸಂಸ್ಕಾರವಿಲ್ಲವೇ?

"ಬಂದ್ ಮಾಡೂ ಬಟನ್ ಎಲ್ಲೈತ್ರಿ?" ಎಂದಳು ಗಿರಿಜಾ.

"ಮರ್ಯಾದಿಗೆಂಥಾ ಬಟನ್?" ಎಂದೆ.

ಎಂಟೇ ದಿನಕ್ಕೆ ಮೊರಬದಿಂದ ಸುದ್ದಿ ಬಂತು. ಗಿರಿಜಾಳ ಕಾಕಾ ತೀರಿಕೊಂಡಿದ್ದರು. ಆ ಮನೆಗೆ ನಾನು ಎರಡು ವರ್ಷದಿಂದ ಕಾಲಿಟ್ಟಿರಲಿಲ್ಲ. ನನ್ನ ಹೊಸ ಕಾರು ನೋಡಿ ಕಾಕಾ, "ಇದು ಸೆಲ್ ಹಾಕಿದ ಆಟಿಗಿ ಕಾರು" ಎಂದು ನಕ್ಕಿದ್ದರು. ನಾನು ಸೆಟೆದುಕೊಂಡಿದ್ದೆ.

"ಈಗರೆ ಚಿಗವ್ವನ ಮುಂದ ತೆಲಿ ಬಗ್ಗಸ್ರಿ. ನನಗ ತವರಮನಿ ಬಾಗಲಾ ಮುಚ್ಚಸಬ್ಯಾಡ್ರಿ" ಎಂದು ಗಿರಿಜಾ ಕಣ್ಣೀರು ಹಾಕಿದಳು. ನನಗೂ ನಾಚಿಕೆಯಾಗಿತ್ತು. ಮಾತಾಡಿಸಿ ಬರಲು ಹೊರಟೆವು.

ಮೊರಬದಲ್ಲಿ ಕಾಕಾರ ಹೆಂಡತಿ ಚಿಗವ್ವ ನನ್ನನ್ನು ನೋಡಿದ್ದೇ ಅತ್ತರು. ನಾನೂ ಅತ್ತೆ. ಎರಡು ವರ್ಷದ ಮುನಿಸು ಕರಗಿತು. ಸಾವಿನ ಮನೆಯಲ್ಲಿ "ಹೋಗಿ ಬರ್ತೇವಿ" ಎನ್ನಬಾರದಲ್ಲ, ಸುಮ್ಮನೆ ಎದ್ದು ಬಂದು ಕಾರು ಹತ್ತಿದೆವು. ರಿವರ್ಸ್ ಹಾಕಿದೆ.

"ಹೋಗಿ ಬರ್ತೇವ್ರಿ! ಅಗದಿ ಖುಷಿ ಆತು! ಮತ್ತ ಮತ್ತ ಬರ್ತೇವ್ರಿ!"

ಅಂಗಳದಲ್ಲಿ ಕೂತಿದ್ದ ಮಂದಿ ಎದ್ದು ನಿಂತರು. ಗಾಬರಿಯಲ್ಲಿ ಮುಂದಕ್ಕೆ ಬಿಟ್ಟೆ. ಮುಂದೆ ಗೋಡೆ! ಓಣಿ ಇಕ್ಕಟ್ಟು, ನಾಲ್ಕು ಸಲ ಹಿಂದೆ ಮುಂದೆ ಮಾಡದೆ ಕಾರು ತಿರುಗದು. ಎರಡನೆಯ ಸಲವೂ ಅಗದಿ ಖುಷಿಯಾಯಿತು. ಮೂರನೆಯ ಸಲವೂ ಆಯಿತು! ಗಿರಿಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಸ್ಟೇರಿಂಗಿನ ಕೆಳಗೆ ಕೈಹಾಕಿ, ಸಿಕ್ಕ ವೈರನ್ನು ಕಿತ್ತೆ. ಎಸಿ ಬಂದಾಯಿತು.

ಅಷ್ಟರಲ್ಲಿ ಚಿಗವ್ವ ಬಂದು ಕಾರಿನ ಮುಂದೆ ನಿಂತರು.

"ಅಳಿಯಂದ್ರ, ಅವರು ಇದ್ದಾಗ ಎರಡು ವರ್ಷ ಒಂದ್ ದಿನಾನೂ ಈ ಕಡೆ ಹಾಯಲಿಲ್ಲ. ಈಗ ಮತ್ತ ಮತ್ತ ಬರ್ತೀರೇನ್ರಿ?"

ಮುಂದೆ ಅವರು, ಅವರ ಹಿಂದೆ ಗೋಡೆ. ಅಲ್ಲಿಂದ ಪಾರಾಗಲು ನನಗೆ ಉಳಿದದ್ದು ರಿವರ್ಸ್ ಒಂದೇ!