ನಡುದಾರಿಯಲ್ಲಿ ನಿಂತ ನಕ್ಷತ್ರ

ಕೆಟ್ಟು ಕೂತ ವಸ್ತುವನ್ನು ಕಂಡರೆ ಕೆಲವರಿಗೆ ಬೇಸರವಾಗುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಮಾತ್ರ ಕೈ ತುರಿಸುತ್ತದೆ. ಈ ತುರಿಕೆ ಹುಟ್ಟಿನಿಂದ ಬಂದದ್ದೋ ಮೇಷ್ಟ್ರ ಕೆಲಸದಿಂದ ಅಂಟಿಕೊಂಡದ್ದೋ ತಿಳಿಯದು. ಎದುರಿಗಿರುವುದು ಹುಡುಗನಾಗಲಿ ಗಡಿಯಾರವಾಗಲಿ, ತಿದ್ದಿ ಸರಿಮಾಡದೆ ಬಿಡಬಾರದೆಂಬ ಹಟ. ಹುಡುಗರು ಹೇಗೋ ನನ್ನ ಕೈಯಿಂದ ಪಾರಾಗಿ ದೊಡ್ಡವರಾದರು. ಗಡಿಯಾರ ಪಾರಾಗಲಿಲ್ಲ. ಬರೀ ಸದ್ದು ಮಾಡುತ್ತ ಏನನ್ನೂ ರುಬ್ಬದ ಮಿಕ್ಸಿ, ನಾನು ಬಿಚ್ಚಿ ಜೋಡಿಸಿದ ಮೇಲೆ ಸದ್ದನ್ನೂ ನಿಲ್ಲಿಸಿತು. ಟೇಪ್ ರೆಕಾರ್ಡರು ಹಾಡುವುದು ಬಿಟ್ಟು ಕ್ಯಾಸೆಟ್ಟನ್ನು ತಿನ್ನತೊಡಗಿತು. ಪ್ರತಿ ಸಲ ಜೋಡಿಸಿ ಮುಗಿಸಿದಾಗಲೂ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ಕಂಪನಿಯವರು ಸುಮ್ಮನೆ ಹೆಚ್ಚಿಗೆ ಹಾಕಿರುತ್ತಾರೆ ಎಂದು ನಾನು ವಾದಿಸುತ್ತಿದ್ದೆ. ನನ್ನ ಹೆಂಡತಿ ಲೂರ್ದಮ್ಮ ಆ ಸ್ಕ್ರೂಗಳನ್ನೆಲ್ಲ ಒಂದು ಗಾಜಿನ ಶೀಶೆಗೆ ಹಾಕಿಟ್ಟು, ಮನೆಗೆ ಬಂದ ನೆಂಟರಿಗೆ, "ಇದು ನಮ್ಮೆಜಮಾನ್ರು ಸಂಪಾದಿಸಿದ್ದು" ಎಂದು ತೋರಿಸುತ್ತಿದ್ದಳು. ನೆಂಟರು ನಗುತ್ತಿದ್ದರು, ಹೋಗುವಾಗ ತಮ್ಮ ಟಾರ್ಚು ಕೈಚೀಲದಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾವಿರುವುದು ತುರುವೇಕೆರೆಗೂ ಮಾಯಸಂದ್ರಕ್ಕೂ ನಡುವೆ, ಬಸ್ಸಿಳಿದು ತೋಟಗಳ ಸಾಲಿನಲ್ಲಿ ಒಂದಷ್ಟು ನಡೆದರೆ ಸಿಗುವ ಸಣ್ಣ ಊರಿನಲ್ಲಿ. ಕ್ರೈಸ್ತರ ಮನೆಗಳು ಬಹಳವಿಲ್ಲ. ಒಬ್ಬರ ಮನೆಯ ಜಗಳ ಎಲ್ಲರಿಗೂ ಕೇಳಿಸುವಷ್ಟು ಒತ್ತಾಗಿವೆ. ನಮ್ಮಲ್ಲಿ ಕ್ರಿಸ್ಮಸ್ಸಿಗಿಂತ ಅದರ ಬೆನ್ನಿಗೇ ಜನವರಿಯಲ್ಲಿ ಬರುವ ಮೂರು ರಾಯರ ಹಬ್ಬಕ್ಕೇ ಗಮ್ಮತ್ತು. ಬಾಲಯೇಸು ಹುಟ್ಟಿದ್ದನ್ನು ಆಕಾಶದ ನಕ್ಷತ್ರದಿಂದ ತಿಳಿದುಕೊಂಡ ಮೂವರು ಜ್ಞಾನಿಗಳು ಆ ನಕ್ಷತ್ರದ ಹಿಂದೆಯೇ ನಡೆದು ಬಂದು, ಚಿನ್ನ, ಧೂಪ, ರಕ್ತಬೋಳಗಳ ಕಾಣಿಕೆ ಇಟ್ಟು ಅಡ್ಡಬಿದ್ದ ದಿನ ಅದು. ಬೇರೆ ಊರುಗಳಲ್ಲಿ ಗೋದಲಿಯಲ್ಲಿ, ಅಂದರೆ ಕೊಟ್ಟಿಗೆಯ ಹಾಗೆ ಹುಲ್ಲು ಹೊದಿಸಿ ಕಟ್ಟಿದ ಮಂಟಪದಲ್ಲಿ, ಮೂರು ಗೊಂಬೆ ಇಟ್ಟು ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಜೀವಂತ ರಾಯರೇ ಬೇಕು. ತಿಪಟೂರಿನ ನಾಟಕದ ಅಂಗಡಿಯಿಂದ ಬಾಡಿಗೆಗೆ ತಂದ ಕಿರೀಟ, ಗಡ್ಡ, ಜರಿಯಂಚಿನ ನಿಲುವಂಗಿ ತೊಟ್ಟು ಅವರು ಪೂಜೆಯ ನಡುವೆ ಚರ್ಚಿನ ಬಾಗಿಲಿನಿಂದ ಗೋದಲಿಯವರೆಗೆ ನಡೆದು ಬರುತ್ತಾರೆ. ಅಂಗಡಿಯವನು ಪೌರಾಣಿಕ ನಾಟಕಗಳಿಗೆ ಸಾಮಾನು ಕೊಟ್ಟು ರೂಢಿಯಾದವನು. ಬೇಡವೆಂದರೂ ಪ್ರತಿವರ್ಷ ಒಂದು ಗದೆಯನ್ನೂ ಸೇರಿಸಿ ಕಳಿಸುತ್ತಿದ್ದ. ಅದನ್ನು ರಾಯರ ಕಣ್ಣಿಗೆ ಬೀಳದಂತೆ ಫಾದರ್ ಅವರ ಕೋಣೆಯಲ್ಲಿ ಬಚ್ಚಿಡುವುದೂ ನಮ್ಮ ಹಬ್ಬದ ಒಂದು ಪದ್ಧತಿಯೇ ಆಗಿತ್ತು.

ಮೊದಲೆಲ್ಲ ನಕ್ಷತ್ರವನ್ನು ಒಂದು ಬಿದಿರುಗಳಕ್ಕೆ ಕಟ್ಟಿ ಯಾರಾದರೂ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದರು. ನನಗೆ ಅದು ಸರಿಕಾಣುತ್ತಿರಲಿಲ್ಲ. ನಕ್ಷತ್ರಕ್ಕೆ ಪಂಚೆ ಉಟ್ಟ ಎರಡು ಕಾಲುಗಳಿರುವುದನ್ನು ಯಾವ ಜ್ಞಾನಿ ಒಪ್ಪಿಯಾನು? ಬಾಗಿಲ ಮೇಲಿನಿಂದ ಗೋದಲಿಯವರೆಗೆ ತಂತಿ ಬಿಗಿದು, ರಾಟೆಯೊಂದಕ್ಕೆ ನಕ್ಷತ್ರವನ್ನು ತೂಗುಹಾಕಿ, ಗೋದಲಿಯ ಹಿಂದಿನಿಂದ ಹಗ್ಗ ಎಳೆದರೆ ಅದು ತಾನಾಗಿ ತೇಲಿಬರುತ್ತದೆ ಎಂದು ಆ ವರ್ಷ ಹೊಸದಾಗಿ ಬಂದಿದ್ದ ಫಾದರ್‌ಗೆ ಚಿತ್ರ ಬರೆದು ತೋರಿಸಿದೆ. ಪಾಪ, ಅವರಿನ್ನೂ ನಮ್ಮ ಮನೆಯ ಶೀಶೆಯನ್ನು ನೋಡಿರಲಿಲ್ಲ, ಒಪ್ಪಿಬಿಟ್ಟರು. ಮನೆಗೆ ಬಂದು ಹೇಳಿದಾಗ ಲೂರ್ದಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇಷ್ಟ್ ದಿನ ಮನೇದು ಕೆಡಿಸಿದ್ದಾಯ್ತು, ಈಗ ದೇವ್ರುದಕ್ಕೆ ಕೈ ಹಾಕಿದ್ರಾ? ಒಂದ್ ಮಾತು ಕೇಳಿ. ನಕ್ಷತ್ರ ಸರ್ಯಾಗಿ ಹೋಗಿ ಗೋದ್ಲಿ ಮುಟ್ತೋ, ಇನ್ಮೇಲೆ ಮನೇಲಿ ಏನ್ ಬೇಕಾದ್ರೂ ಬಿಚ್ಕೊಳಿ, ತೋಟದ್ ಮೋಟ್ರೂ ಬಿಚ್ಕೊಳಿ, ನಾನ್ ಬಾಯ್ಬಿಡಲ್ಲ. ಮುಟ್ಲಿಲ್ವೋ, ಆ ಸ್ಕ್ರೂಡ್ರೈವರ್ ನಂಗ್ ಕೊಡ್ಬೇಕು. ಮತ್ತೆ ಕೇಳಂಗಿಲ್ಲ."

ಒಪ್ಪಿದೆ. ತೋಟದ ಮೋಟಾರನ್ನು ಒಮ್ಮೆ ಬಿಚ್ಚಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ರಾಯರಲ್ಲಿ ರಾಯಪ್ಪ, ಇನ್ನಾಸಪ್ಪ ಇಬ್ಬರೂ ಸಾಧು ಜನ. ನಿಲ್ಲಿ ಎಂದರೆ ನಿಲ್ಲುವವರು, ಕೂರಿ ಎಂದರೆ ಕೂರುವವರು. ತಲೆನೋವೆಲ್ಲ ಮೂರನೆಯವನದು. ಕೊಬ್ಬರಿ ವ್ಯಾಪಾರದ ಚಿನ್ನಪ್ಪ ಹಂದನಕೆರೆಯಿಂದ ಹಾಲ್ಕುರಿಕೆಯವರೆಗೆ ಎಲ್ಲಿ ಪೌರಾಣಿಕ ನಾಟಕವಾದರೂ ರಾಜನ ಪಾತ್ರಕ್ಕೆ ಕರೆಸಿಕೊಳ್ಳುವ ಆಸಾಮಿ. ಆಳೂ ಎತ್ತರ, ದನಿಯೂ ಎತ್ತರ, ಹಟ ಅವೆರಡಕ್ಕಿಂತ ಎತ್ತರ. ಅವನ ಒಬ್ಬನೇ ಮಗ ಹಾಲ್ಕುರಿಕೆ ಕಡೆಯ ಬೇರೆ ಜಾತಿಯ ಹುಡುಗಿಯನ್ನು ಹೇಳದೆ ಕೇಳದೆ ರಿಜಿಸ್ಟರ್ ಮದುವೆಯಾಗಿ, ಊರಿನ ಇನ್ನೊಂದು ಬೀದಿಯಲ್ಲಿ ಸಂಸಾರ ಹೂಡಿದ್ದ. ಐದು ತಿಂಗಳ ಹಿಂದೆ ಗಂಡುಮಗುವಾಗಿತ್ತು. "ಅವ್ರ ಹೊಸ್ಲು ತುಳಿಯಾಕಿಲ್ಲ, ಆ ಮಗೀನ ಮಕ ನೋಡಾಕಿಲ್ಲ" ಎಂದು ಚಿನ್ನಪ್ಪ ಅರಳಿಕಟ್ಟೆಯ ಮುಂದೆ ಸಾರಿದ್ದ. ನಾಟಕದ ದನಿಯಾದ್ದರಿಂದ ಆ ಶಪಥ ಇಡೀ ಊರಿಗೆ ಒಂದೇ ಸಲಕ್ಕೆ ಮುಟ್ಟಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ಅಭ್ಯಾಸ ಇಟ್ಟುಕೊಂಡೆ. ಚಿನ್ನಪ್ಪ ಬಾಗಿಲಲ್ಲೇ ನಿಂತು ಮೀಸೆ ತಿರುವಿ ಒಂದು ಘರ್ಜನೆ ಹಾಕಿದ.

"ಚಿನ್ನಪ್ಪಾ, ನೀನು ಜ್ಞಾನಿ ಕಣಯ್ಯ. ಜ್ಞಾನಿಗಳು ಕೂಗಲ್ಲ" ಎಂದೆ.

"ಏನ್ ಮೇಷ್ಟ್ರೇ, ರಾಜ ಅಂದ್ಮೇಲೆ ಸುಮ್ಕೆ ಬಂದು ಸುಮ್ಕೆ ಹೋಗಾಕಾಯ್ತದಾ? ಎಲ್ಡೇ ಎಲ್ಡು ಮಾತು ಹೇಳ್ತೀನಿ ಬುಡಿ."

ಎರಡು ಮಾತು ಎಂದರೆ ಅವನ ಲೆಕ್ಕದಲ್ಲಿ ಅರ್ಧ ಗಂಟೆ. ಕೊನೆಗೆ ಮೂವರನ್ನೂ ಸಾಲಾಗಿ ನಿಲ್ಲಿಸಿ ತರಗತಿಯ ಗತ್ತಿನಲ್ಲಿ ಕಟ್ಟಪ್ಪಣೆ ಮಾಡಿದೆ: "ನಕ್ಷತ್ರ ನಡೆದರೆ ನೀವು ನಡೀಬೇಕು. ನಕ್ಷತ್ರ ನಿಂತರೆ ನಿಲ್ಲಬೇಕು. ಎಲ್ಲಿ ನಿಲ್ಲುತ್ತೋ ಅಲ್ಲೇ ಮಂಡಿಯೂರಿ ಕಾಣಿಕೆ ಇಡಬೇಕು. ಸ್ವಂತ ಬುದ್ಧಿ ಉಪಯೋಗಿಸಬಾರದು." ನಾಟಕದವರಿಗೆ ಕಲಿಸುವ ಮೇಷ್ಟ್ರ ಮಾತೆಂದರೆ ವೇದವಾಕ್ಯ. ಚಿನ್ನಪ್ಪ ಒಲ್ಲದ ಮನಸ್ಸಿನಿಂದ ಶಿಲುಬೆ ಮುಟ್ಟಿ ಒಪ್ಪಿಕೊಂಡ.

ಹಗ್ಗ ಎಳೆದಾಗ ರಾಟೆ ಸ್ವಲ್ಪ ಕಿರುಗುಟ್ಟಿತು. ನಮ್ಮ ಸೀಮೆಯಲ್ಲಿ ಕಿರುಗುಟ್ಟುವುದಕ್ಕೆಲ್ಲ ಮದ್ದು ಒಂದೇ. ಬಾಗಿಲ ತಿರುಗಣಿಯಿರಲಿ, ಸೈಕಲ್ ಚೈನಿರಲಿ, ಮುದುಕರ ಮಂಡಿಯಿರಲಿ, ಕೊಬ್ಬರಿ ಎಣ್ಣೆ. ಒಂದು ಬಟ್ಟಲು ಎಣ್ಣೆ ತರಿಸಿ ರಾಟೆಗೆ ಸುರಿದೆ, ಮಿಕ್ಕಿದ್ದನ್ನು ತಂತಿಯುದ್ದಕ್ಕೂ ಧಾರಾಳವಾಗಿ ಸವರಿಸಿದೆ. ಆ ಬಿಸಿಲ ಹೊತ್ತಿನಲ್ಲಿ ನಕ್ಷತ್ರ ಸುಂಯ್ಯನೆ ಜಾರಿಕೊಂಡು ಬಂದದ್ದನ್ನು ನೀವು ನೋಡಬೇಕಿತ್ತು. ಫಾದರ್ ಕೈ ಕುಲುಕಿದರು. ಲೂರ್ದಮ್ಮ ಖಾಲಿ ಬಟ್ಟಲು ಎತ್ತಿಕೊಂಡು ಮನೆಗೆ ಹೋದಳು. ನಾನು ಅಲ್ಲೇ ನಿಂತು ಮೋಟಾರನ್ನು ಯಾವ ಕಡೆಯಿಂದ ಬಿಚ್ಚಲು ಶುರುಮಾಡಬೇಕೆಂದು ಯೋಚಿಸಿದೆ.

ಇನ್ನು ಕಾಣಿಕೆಗಳ ಮಾತು. ಚಿನ್ನಕ್ಕೆ ಹಿತ್ತಾಳೆಯ ಡಬ್ಬಿಯಾಯಿತು, ಧೂಪಕ್ಕೆ ಸಾಂಬ್ರಾಣಿಯಾಯಿತು. ರಕ್ತಬೋಳ ಮಾತ್ರ ಅಸಲಿಯೇ ಇರಲೆಂದು ತಿಪಟೂರಿನ ಗ್ರಂಥಿಗೆ ಅಂಗಡಿಗೆ ನಾನೇ ಹೋಗಿದ್ದೆ. ನಮ್ಮ ಕಡೆ ಅದು ಬಾಣಂತಿಯರಿಗೆ ಕೊಡುವ ಔಷಧಿ. "ಮನೇಲಿ ಯಾರ್ದು ಸಾರ್ ಹೆರಿಗೆ?" ಎಂದು ಶೆಟ್ಟರು ಕೇಳಿದರು. "ಮನೇಲಲ್ಲ, ಚರ್ಚಿನಲ್ಲಿ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಬೇಗಬೇಗ ಪೊಟ್ಟಣ ಕಟ್ಟಿದರು. ಆ ಪೊಟ್ಟಣವನ್ನು ಚಿನ್ನಪ್ಪನ ಕೈಗೆ ಕೊಡುವುದೆಂದು ತೀರ್ಮಾನವಾಗಿತ್ತು, ಏಕೆಂದರೆ ಸಾಂಬ್ರಾಣಿ ಕೊಟ್ಟರೆ ಹೊಗೆಯ ನಡುವೆ ನಾಟಕದ ಪ್ರವೇಶ ನೆನಪಾಗಿ ಅವನು ಹಾಡಿಬಿಡುವ ಅಪಾಯವಿತ್ತು.

ಫಾದರ್ ಇನ್ನೂ ಎರಡು ಊರುಗಳಲ್ಲಿ ಪೂಜೆ ಮಾಡಬೇಕಾಗಿದ್ದರಿಂದ ನಮ್ಮ ಪಾಲಿಗೆ ಬಂದದ್ದು ಬೆಳಗಿನ ಹೊತ್ತು. ತೋಟಗಳ ಮೇಲೆ ಮಂಜು ಕವಿದಿತ್ತು. ಜನ ಕಂಬಳಿ, ಶಾಲು, ಮಫ್ಲರುಗಳೊಳಗಿಂದ ಕಣ್ಣು ಮಾತ್ರ ಬಿಟ್ಟುಕೊಂಡು ಚಾಪೆಗಳ ಮೇಲೆ ಕೂತಿದ್ದರು. ಬೈಬಲಿನ ಶುಭಸಂದೇಶದ ವಾಚನ ಮುಗಿಯಿತು, ಹಾರ್ಮೋನಿಯಂ ಶುರುವಾಯಿತು, ಗೋದಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ನಾನು ಹಗ್ಗ ಎಳೆದೆ. ಒಳಗೆ ಟಾರ್ಚಿನ ಬಲ್ಬು ಹೊತ್ತಿಸಿದ ಬಣ್ಣದ ಕಾಗದದ ನಕ್ಷತ್ರ ಬಾಗಿಲು ಬಿಟ್ಟು ಹೊರಟಿತು. ಹಿಂದೆ ಮೂವರು ರಾಯರು. ಚರ್ಚಿನ ನಡುಮಧ್ಯಕ್ಕೆ ಬಂದಿತು, ನಿಂತಿತು. ಎಳೆದೆ. ಬರಲಿಲ್ಲ. ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿದೆ. ತೊಲೆ ಲಟಕ್ಕೆಂದಿತು, ಹೆಂಚಿನ ಸಂದಿಯಿಂದ ಮಣ್ಣು ಉದುರಿತು, ನಕ್ಷತ್ರ ಮಾತ್ರ ಅಲ್ಲಾಡಲಿಲ್ಲ.

ನಕ್ಷತ್ರದ ನೇರ ಕೆಳಗೆ, ಮಗು ಅತ್ತರೆ ಎದ್ದು ಹೋಗಲು ಅನುಕೂಲವಾಗಲೆಂದು ದಾರಿಯ ಅಂಚಿಗೆ ಕೂತಿದ್ದವಳು ಚಿನ್ನಪ್ಪನ ಸೊಸೆ. ತೊಡೆಯ ಮೇಲೆ ಕುಲಾವಿ ಕಟ್ಟಿದ ಮಗು.

ಗೋದಲಿಯ ಹುಲ್ಲು ಸರಿಸಿ, ಕತ್ತೆಯ ಗೊಂಬೆಯ ಪಕ್ಕದಲ್ಲಿ ತಲೆ ಹೊರಹಾಕಿ, "ಮುಂದೆ ಬನ್ನಿ, ಮುಂದೆ ಬನ್ನಿ" ಎಂದು ಪಿಸುಗುಟ್ಟಿದೆ. ಮುಂದಿನ ಸಾಲಿನ ಮಕ್ಕಳು ಕತ್ತೆ ಯಾವುದು ಮೇಷ್ಟ್ರು ಯಾರು ಎಂದು ತಿಳಿಯದವರಂತೆ ನೋಡಿದವು. ರಾಯಪ್ಪನೂ ಇನ್ನಾಸಪ್ಪನೂ ಆಗಲೇ ಮಂಡಿಯೂರಿ ಡಬ್ಬಿಯನ್ನೂ ಸಾಂಬ್ರಾಣಿಯನ್ನೂ ಚಾಪೆಯ ಮೇಲಿಟ್ಟಾಗಿತ್ತು. ಚಿನ್ನಪ್ಪ ನೆಟ್ಟ ಕಂಬದಂತೆ ನಿಂತಿದ್ದ. ಒಮ್ಮೆ ಮೇಲೆ ನೋಡಿದ, ಒಮ್ಮೆ ನನ್ನನ್ನು ನೋಡಿದ. ಕೆಳಗೆ ಮಾತ್ರ ನೋಡಲೊಲ್ಲ. ನಾನು ಮತ್ತೆ ಕೈಬೀಸಿ ಕರೆದರೆ, ಕೊಟ್ಟ ಮಾತು ತಪ್ಪುವವನಲ್ಲ ಎಂಬಂತೆ ನಕ್ಷತ್ರದತ್ತ ಬೆರಳು ತೋರಿಸಿದ. ಅವನ ಶಪಥ ಗೊತ್ತಿಲ್ಲದವರು ಅಲ್ಲಿ ಯಾರಿದ್ದರು? ಚರಣಗಳು ಮುಗಿದು, ಹಾಡಿನವರು ಮತ್ತೆ ಮೊದಲಿಂದ ಹಿಡಿದರು.

ಕಡೆಗೆ ಆ ಎತ್ತರದ ಆಳು ಮೆಲ್ಲಗೆ ಬಗ್ಗಿದ. ಕಿರೀಟ ಕಿವಿಯ ಮೇಲೆ ವಾಲಿತು. ಮಂಡಿ ನೆಲಕ್ಕೆ ತಾಗಿದ್ದೇ ತಡ, ಮಗು ಎರಡೂ ಕೈಯಿಂದ ಅವನ ಗಡ್ಡವನ್ನು ಹಿಡಿದು ಜಗ್ಗಿತು. ಗಡ್ಡದ ಒಂದು ಕಡೆ ಕಿತ್ತುಬಂತು. ಮೊಮ್ಮಗನೊಡನೆ ಚಿನ್ನಪ್ಪ ಆಡಿದ ಮೊದಲ ಮಾತು ಹೊರಬಿದ್ದದ್ದು ಆಗಲೇ, ಅದೂ ನಾಟಕದ ಪೂರ್ಣ ಕಂಠದಲ್ಲಿ:

"ಬುಡ್ಲಾ, ಬುಡ್ಲಾ ಮಗಾ! ಬಾಡ್ಗೇದು ಕಣ್ಲಾ ಅದು!"

ಚರ್ಚಿಗೆ ಚರ್ಚೇ ನಕ್ಕಿತು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಲೂ ಅಳುತ್ತಲೂ ಇದ್ದಳು. ಚಿನ್ನಪ್ಪ ಕೈಯಲ್ಲಿದ್ದ ಪೊಟ್ಟಣವನ್ನು ಏನು ಮಾಡಬೇಕೆಂದು ತಿಳಿಯದೆ ಅವಳ ಮುಂದೆ ಇಟ್ಟ. ಊರಿನ ಹೆರಿಗೆಗಳನ್ನೆಲ್ಲ ನೋಡಿಕೊಂಡ ಮುದುಕಿ ಆರೋಗ್ಯಮ್ಮ ಕತ್ತು ನೀಡಿ ನೋಡಿ, "ಅಯ್ ನಮ್ಮವ್ವಾ, ಬಾಣಂತಿಗೆ ರಕ್ತಬೋಳ ತಂದವ್ನೆ! ಲೇಟಾದ್ರೂ ತಂದ ಬುಡು" ಎಂದಳು. ಹಗ್ಗ ಬಿಟ್ಟರೆ ನಕ್ಷತ್ರ ಯಾರ ತಲೆಯ ಮೇಲೆ ಬೀಳುವುದೋ ಎಂಬ ಭಯದಿಂದ ನನಗೆ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಫಾದರ್ ಬರೆದು ತಂದಿದ್ದ ಉಪದೇಶದ ಹಾಳೆಯನ್ನು ಮಡಿಸಿಟ್ಟು, "ದೇವರು ಎಲ್ಲಿದ್ದಾನೆಂದು ಮೇಷ್ಟ್ರು ಇವತ್ತು ತೋರಿಸಿದ್ದಾರೆ. ಇದರ ಹಿಂದೆ ಎಷ್ಟು ಯೋಚನೆಯಿದೆ!" ಎಂದರು. ಪೂಜೆಯಾದ ಮೇಲೆ ಏಣಿ ಹಾಕಿ ಹತ್ತಿ ನೋಡಿದರೆ, ರಾಟೆಯೊಳಗೆ, ತಂತಿಯುದ್ದಕ್ಕೂ ಕೆರೆದುಕೊಂಡು ಬಂದ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ತುಪ್ಪದ ಹಾಗೆ ಕೂತಿತ್ತು. ಇಳಿದು ಬಂದು ಸಿಕ್ಕಸಿಕ್ಕವರಿಗೆಲ್ಲ, "ನಾನೇನೂ ಮಾಡಲಿಲ್ಲ, ಚಳಿಗೆ ಎಣ್ಣೆ ಹೆಪ್ಪುಗಟ್ಟಿತ್ತು" ಎಂದು ಸತ್ಯ ಹೇಳಿದೆ. "ನೋಡ್ರಪ್ಪಾ, ಎಷ್ಟು ವಿನಯ!" ಎಂದರು. ಚಿನ್ನಪ್ಪ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡೇ ಬಂದು, "ಭಾರಿ ಆಟ ಆಡ್ಸುಬುಟ್ರಿ ಮೇಷ್ಟ್ರೇ, ನಿಲ್ಸೋ ಜಾಗದಲ್ಲೇ ನಿಲ್ಸಿದ್ರಿ" ಎಂದು ನನ್ನ ಬೆನ್ನಿಗೆ ಗುದ್ದಿದ. ಎರಡು ದಿನ ನೋಯಿತು.

ನನ್ನ ಮಾತನ್ನು ನಂಬಿದವಳು ಲೂರ್ದಮ್ಮ ಒಬ್ಬಳೇ. "ದಿನಾ ಬೆಳಿಗ್ಗೆ ಎಣ್ಣೆ ಶೀಶೆ ಬಿಸ್ಲಿಗಿಟ್ಟು ತಲೆಗ್ ಹಚ್ಕೊಳ್ಳೋರು, ಇಷ್ಟೂ ತಿಳೀಲಿಲ್ವೇನ್ರೀ?" ಎಂದು ಕೈ ನೀಡಿದಳು. ಸ್ಕ್ರೂಡ್ರೈವರ್ ಕೊಟ್ಟೆ.

ಆದರೆ ಮುಂದಿನ ವರ್ಷ ಊರಿನವರು ಬಿಡಲಿಲ್ಲ. ನಕ್ಷತ್ರ ಮೇಷ್ಟ್ರದೇ ಆಗಬೇಕೆಂದು ಫಾದರ್ ಮನೆಗೇ ಬಂದು ಕೇಳಿದ್ದರಿಂದ ಲೂರ್ದಮ್ಮ ಆಯುಧವನ್ನು ಒಂದು ದಿನದ ಮಟ್ಟಿಗೆ ವಾಪಸು ಕೊಟ್ಟಳು. ಸೋತ ಪಂದ್ಯವನ್ನು ಈ ಸಲ ಗೆದ್ದೇ ತೀರಬೇಕೆಂದು ನಾನು ತುರುವೇಕೆರೆಯ ಗ್ಯಾರೇಜಿನ ರಹಮತ್ ಸಾಬರಿಂದ ಬೇರಿಂಗು, ಗ್ರೀಸು ತಂದು ಹಾಕಿದೆ. ಹಬ್ಬದ ಬೆಳಿಗ್ಗೆ ಹಗ್ಗ ಎಳೆದರೆ ನಕ್ಷತ್ರ ಎಲ್ಲಿಯೂ ತಡೆಯದೆ, ಅಲುಗದೆ, ನೇರವಾಗಿ ಬಂದು ಗೋದಲಿಯ ಮೇಲೆ ನಿಂತಿತು. ಜೀವಮಾನದಲ್ಲಿ ನನ್ನ ಕೈಯಿಂದ ಸರಿಯಾಗಿ ಆದ ಮೊದಲ ಕೆಲಸ ಅದು. ಹೆಮ್ಮೆಯಿಂದ ಗೋದಲಿಯ ಹಿಂದಿನಿಂದ ಎದ್ದು ನಿಂತೆ. ಯಾರೂ ನನ್ನತ್ತ ನೋಡಲಿಲ್ಲ. ಎಲ್ಲರೂ ಚರ್ಚಿನ ನಡುಭಾಗವನ್ನೇ ನೋಡುತ್ತಿದ್ದರು. ಅಲ್ಲಿ ಊರಿನ ಹಸುಗೂಸುಗಳ ತಾಯಂದಿರೆಲ್ಲ ಮಂಜಿನಲ್ಲೇ ಬಂದು ಜಾಗ ಹಿಡಿದು, ಒಬ್ಬರಿಗೊಬ್ಬರು ಒತ್ತಿಕೊಂಡು, ಕತ್ತೆತ್ತಿ ಖಾಲಿ ತಂತಿಯನ್ನು ದಿಟ್ಟಿಸುತ್ತಿದ್ದರು. ಒಡಹುಟ್ಟಿದ ಅಣ್ಣತಮ್ಮಂದಿರಿಬ್ಬರು ಮಾತು ಬಿಟ್ಟು ವರ್ಷವಾಗಿತ್ತು. ಅವರೂ ಅಲ್ಲಿಯೇ ದಾರಿಯ ಆಚೆ ಈಚೆ ಕೂತಿದ್ದರು.

ಪೂಜೆ ಮುಗಿಸಿ ಹೊರಬರುವಾಗ ಚಿನ್ನಪ್ಪ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ, "ಹೋಗ್ಲಿ ಬುಡಿ ಮೇಷ್ಟ್ರೇ, ಮಿಷಿನ್ನು ಅಂದ್ಮೇಲೆ ಒಂದೊಂದ್ಸಲ ಕೈ ಕೊಡ್ತದೆ" ಎಂದ. ಮನೆಯ ಬಾಗಿಲಲ್ಲಿ ಲೂರ್ದಮ್ಮ ಕಾಯುತ್ತಿದ್ದಳು. ಗೋದಲಿ ಮುಟ್ಟಿತಲ್ಲ, ಇನ್ನು ಮೋಟಾರು ಬಿಚ್ಚಬಹುದು ತಾನೇ ಎಂದು ಕೇಳಬೇಕೆಂದಿದ್ದೆ. ಅವಳು ನನಗಿಂತ ಮೊದಲು ಬಾಯಿ ತೆರೆದಳು:

"ಕೆಡ್ಸೋದು ಒಂದ್ ಚೆನ್ನಾಗ್ ಬರ್ತಿತ್ತು ನಿಮ್ಗೆ. ಊರ್ನೋರು ಬಂದು ಅದನ್ನ ಮಾಡಿ ಅಂದ್ರೆ, ಅದೂ ಆಗ್ಲಿಲ್ವಲ್ರೀ!"